ಬಚ್ಚಲ ಗೀಸರಿಗೆ ತಾತ ಹಾಕಿದ ಬಿರಡೆ

ಬಾಣಂತನಕ್ಕೆ ತವರಿಗೆ ಬಂದಾಗ ಮಗಳಿಗಾಗಿ ಒಂದು ಹೊಸ ಡೈರಿ ತೆರೆದೆ. ಹಾಲು ಕುಡಿದ ಹೊತ್ತು, ಮಲಗಿದ ಹೊತ್ತು, ಒದ್ದೆ ಮಾಡಿದ ಬಟ್ಟೆಗಳು, ತೂಕ, ಎಲ್ಲಕ್ಕೂ ಒಂದೊಂದು ಅಂಕಣ. ಗಂಡನ ಊರಾದ ಗಂಜಾಮಿನಿಂದ ಮಗುವನ್ನು ನೋಡಲು ಬಂದ ಅತ್ತೆ ಇದನ್ನು ನೋಡಿ, ಮಗು ಹಸಿವಾದಾಗ ನಿನ್ನ ಪುಸ್ತಕ ಕೇಳೋದಿಲ್ಲ ಎಂದು ನಕ್ಕಿದ್ದರು. ಕೆಲವು ದಿನ ಕಳೆಯುವಷ್ಟರಲ್ಲಿ ಅದೇ ಪುಟದ ಅಡಿಯಲ್ಲಿ ತವರಿನ ಗೀಸರಿಗೂ ಒಂದು ಸಾಲು ಬೇಕಾಯಿತು: ಸ್ವಿಚ್ಚು ಹಾಕಿದ್ದು ಯಾವಾಗ, ನೀರು ಕಾದದ್ದು ಯಾವಾಗ.

ಆ ಗೀಸರಿನ ನೇರ ಕೆಳಗೆ ಮಣೆ ಹಾಕಿ ಅಜ್ಜಿ ನನಗೂ ಮಗುವಿಗೂ ದಿನಾ ನೀರು ಹಾಕುತ್ತಿದ್ದರು. ಅದು ಒಡೆದು ನಮ್ಮ ಮೈಮೇಲೆ ಬೀಳಬಹುದಾದ ಸ್ಥಿತಿಯಲ್ಲಿತ್ತು ಎಂಬುದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಡೆಯಲಿಲ್ಲ. ಮಗಳು ಈಗ ಬೋರಲು ಬಿದ್ದು ತಲೆ ಎತ್ತಿ ನನ್ನನ್ನು ನೋಡುವಾಗಲೆಲ್ಲ ಆ ಬಚ್ಚಲು ನೆನಪಾಗುತ್ತದೆ, ಅದಕ್ಕೇ ಇದನ್ನು ಬಿಡದೆ ಬರೆದಿಡುತ್ತಿದ್ದೇನೆ.

ನನ್ನ ತವರು ನಾಗಮಂಗಲದಿಂದ ಒಳಕ್ಕೆ ಹೋಗುವ ಒಂದು ಊರು. ಬಡಗಿಗಳ ಮನೆ. ಬೋರ್‌ವೆಲ್ ನೀರು ಬಿಟ್ಟರೆ ಬೇರೆ ನೀರಿಲ್ಲ. ಆ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಕೊಡದ ಒಳಗೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟುತ್ತದೆ. ಗಂಜಾಮಿನ ಮನೆಗೆ ಬರುವುದು ಹೊಳೆ ನೀರು. ಅಲ್ಲಿಯ ಗೀಸರಿನ ಹೊಟ್ಟೆಯನ್ನು ಯಾರೂ ಬಿಚ್ಚಿ ನೋಡಿಯೇ ಇಲ್ಲ, ಬಿಚ್ಚುವ ಅಗತ್ಯವೂ ಬಂದಿಲ್ಲ.

ಬಾಣಂತಿ ನೀರೆಂದರೆ ಅಜ್ಜಿಗೆ ಅದೊಂದು ಪಟ್ಟು. ನನ್ನಮ್ಮನಿಗೆ, ಚಿಕ್ಕಮ್ಮಂದಿರಿಗೆ, ಬೀದಿಯ ಅರ್ಧ ಹೆಂಗಸರಿಗೆ ಅವರೇ ನೀರು ಹಾಕಿದ್ದು. ಹರಳೆಣ್ಣೆ ತಿಕ್ಕಿ, ಬೆನ್ನ ಮೇಲೆ ಚೊಂಬು ಚೊಂಬಾಗಿ ಹೊಗೆಯಾಡುವ ನೀರು ಎರಚಬೇಕು. ನೆಲ ಒಣಗಿರಬೇಕು, ಮೇಲಿನಿಂದ ತಣ್ಣೀರಿನ ಒಂದು ಹನಿಯೂ ಬೀಳಬಾರದು, ಬಿದ್ದರೆ ಸೀತ, ಸೀತವಾದರೆ ಹಾಲು ಕೆಡುತ್ತದೆ. ಆದರೆ ಗೀಸರಿನ ಕೆಳಗೆ ತಣ್ಣೀರು ಒಳಹೋಗುವ ಕಡೆ ಒಂದು ವಾಲ್ವು ಇದೆ, ಅದರ ಪುಟ್ಟ ಬಾಯಿಯಿಂದ ತೊಟ್ಟಿಕ್ಕುತ್ತಲೇ ಇತ್ತಂತೆ. ನಾನು ಬರುವ ಮುಂಚೆಯೇ ಅದನ್ನು ನಿಲ್ಲಿಸಿ ಎಂದು ಅಜ್ಜಿ ತಾತನ ಬೆನ್ನು ಹತ್ತಿದರು. ತಾತ ಪ್ಲಂಬರನ್ನು ಕರೆಯುವವರಲ್ಲ. ಬೀಟೆ ಮರದ ಚೂರೊಂದನ್ನು ಹುಡುಕಿ ತೆಗೆದು, ಆ ಬಾಯಿಗೆ ಸರಿಯಾಗಿ ಕೂರುವ ಒಂದು ಬಿರಡೆ ಕೆತ್ತಿ, ಉಜ್ಜಿ, ಎಣ್ಣೆ ಸವರಿ ಬಡಿದು ಕೂರಿಸಿದರು. ಸೋರುವುದು ನಿಂತಿತು. ನಾನು ಬಂದ ದಿನ ಬಚ್ಚಲು ತೋರಿಸಿ, ನೋಡವ್ವ, ನಿಂಗೋಸ್ಕರ ಮಾಡಿದ್ದು ಎಂದಿದ್ದರು. ನನಗೆ ಕಣ್ಣು ತುಂಬಿತ್ತು.

ಮೊದಲ ದಿನಗಳಲ್ಲಿ ಅಜ್ಜಿ ಎಣ್ಣೆ ಹಚ್ಚಿ ಮುಗಿಸುವಷ್ಟರಲ್ಲಿ ನೀರು ಕಾಯುತ್ತಿತ್ತು. ಆಮೇಲೆ ಕಾಯುವುದು ತಡವಾಗುತ್ತ ಬಂತು. ಡೈರಿಯ ಸಾಲುಗಳಲ್ಲಿ ಅದು ಎದ್ದು ಕಾಣುತ್ತಿತ್ತು. ಬಳಿಕ ಗೀಸರಿನ ಒಳಗೆ ಜಲ್ಲಿಕಲ್ಲು ಉರುಳಾಡುವಂಥ ಸದ್ದು ಶುರುವಾಯಿತು. ಕಡೆಗೊಂದು ದಿನ ನಲ್ಲಿ ತಿರುಗಿಸಿದರೆ ನೀರಿಗೆ ಮುಂಚೆ ಬುಸ್ಸೆಂದು ಹಬೆ ನುಗ್ಗಿತು. ಅಜ್ಜಿಗೆ ಎಲ್ಲಿಲ್ಲದ ಖುಷಿ. "ಈಗ ನೋಡು, ಇದು ದಾರಿಗೆ ಬಂತು. ಇಷ್ಟ್ ದಿನ ಬರೀ ಉಗುರುಬೆಚ್ಚಗೆ ಕಾಯ್ತಿತ್ತು," ಎಂದರು. ನನಗೆ ಹೆದರಿಕೆಯಾಯಿತು. ಅಣ್ಣನಿಗೆ ಹೇಳಿದರೆ, ಕಾಯದಿದ್ದರೂ ಬೈಗುಳ, ಕಾದರೂ ದೂರು ಎಂದು ಗೊಣಗಿದ. ಡೈರಿ ತೋರಿಸಿದೆ. ಅದನ್ನು ಓದುವ ತಾಪತ್ರಯ ತಪ್ಪಿಸಿಕೊಳ್ಳಲೆಂದೇ ಇರಬೇಕು, ಬೈಕು ತೆಗೆದುಕೊಂಡು ಹೋದ.

ಪಾಂಡವಪುರದಿಂದ ಅವನು ಕರೆತಂದದ್ದು ತನ್ನ ಜೊತೆ ಐಟಿಐ ಓದಿದ ಗೆಳೆಯನನ್ನು. ಚೀಲ ಕಟ್ಟಿಕೊಂಡು ಕೆ.ಆರ್. ಪೇಟೆ, ನಾಗಮಂಗಲದ ಊರುಗಳನ್ನು ಸುತ್ತುವ ಗೀಸರ್ ಮೆಕ್ಯಾನಿಕ್. ಹೊಳೆ ನೀರಿನ ಶ್ರೀರಂಗಪಟ್ಟಣವನ್ನೇ ನೆಚ್ಚಿಕೊಂಡರೆ ಉಪವಾಸವೇ ಗತಿ, ನಿಮ್ಮ ಬೋರ್‌ವೆಲ್ಲೇ ನನಗೆ ಅನ್ನ ಹಾಕುತ್ತಿರುವುದು ಎಂದು ಬಾಗಿಲಲ್ಲೇ ನಗಿಸಿದ. ಅಜ್ಜಿ ಮಾತ್ರ ನಗದೆ, ಬಾಣಂತಿ ಇರುವ ಮನೆ, ಕಾಲು ತೊಳೆದು ಒಳಗೆ ಬರಲಿ ಎಂದರು.

ನನ್ನ ಕೋಣೆಗೂ ಬಚ್ಚಲಿಗೂ ನಡುವೆ ಇರುವುದು ಒಂದೇ ಗೋಡೆ. ಮಲಗಿದ್ದಲ್ಲಿಂದಲೇ ಎಲ್ಲ ಕೇಳುತ್ತಿತ್ತು.

"ಲೇ, ಇದ್ಯಾವ ಕಂಪ್ನಿ ಪಾರ್ಟ್ಲಾ? ಇಂಥದ್ನ ನಾನು ಎಲ್ಲೂ ನೋಡಿಲ್ವಲ್ಲ."

"ನಮ್ ತಾತನ ಕಂಪ್ನಿ ಕಣ್ಲಾ," ಎಂದ ಅಣ್ಣ.

ಇಬ್ಬರೂ ನಕ್ಕರು. ಆಮೇಲೆ ಮೆಕ್ಯಾನಿಕ್‌ನ ನಗು ತಟ್ಟನೆ ನಿಂತಿತು. ಸ್ವಿಚ್ಚು ಆರಿಸಿದ ಸದ್ದು, ಬಿಸಿನೀರಿನ ನಲ್ಲಿ ಪೂರ್ತಿ ತಿರುಗಿಸಿದ ಸದ್ದು, ಹಬೆ ಸಿಡಿದ ಸದ್ದು. ಆರಲಿ, ಮಧ್ಯಾಹ್ನದವರೆಗೆ ಯಾರೂ ಹತ್ತಿರ ಬರಬೇಡಿ ಎಂದ. ಅಣ್ಣನನ್ನು ಯಾವುದೋ ವಾಷರ್ ತರಲು ಪೇಟೆಗೆ ಕಳಿಸಿದ. ಊಟದ ಹೊತ್ತು ಕಳೆದ ಮೇಲೆ ತಾತನೊಬ್ಬರನ್ನೇ ಬಚ್ಚಲಿಗೆ ಕರೆದ.

ಸೋರುವುದೆಂದು ನೀವು ಅಂದುಕೊಂಡಿರುವುದು ಸೋರಿಕೆಯಲ್ಲ ಎಂದು ಅವನು ಮೆಲ್ಲಗೆ ಹೇಳಿದ. ಕಾದ ನೀರು ಹಿಗ್ಗುತ್ತದೆ, ಹಿಗ್ಗಿದ್ದು ಈ ಬಾಯಿಯಿಂದ ಹನಿಹನಿಯಾಗಿ ಹೊರಗೆ ಬರಲೇಬೇಕು. ಸಾಕಷ್ಟು ಕಾದ ಮೇಲೆ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟು ಸುಣ್ಣದಲ್ಲಿ ಹೂತು ಕೆಟ್ಟಿರಬೇಕು, ನೀರು ಕುದಿಯುತ್ತಲೇ ಇದೆ. ಹೊರಗೆ ಬರುವ ದಾರಿಯೂ ಮುಚ್ಚಿದೆ.

"ಒಡೀತಿತ್ತಾ?" ಎಂದರು ತಾತ.

"ಒಡೀಬೋದಾಗಿತ್ತು ತಾತ."

ಪಕ್ಕದಲ್ಲಿ ಮಗಳು ಮುಷ್ಟಿ ಬಿಗಿದುಕೊಂಡು ನಿದ್ದೆ ಮಾಡುತ್ತಿದ್ದಳು. ನಾನು ಆ ಮುಷ್ಟಿಯ ಮೇಲೆ ಕೈ ಇಟ್ಟೆ.

"ಕೂಸು ಇದ್ರ ಕೆಳಗೇ ಇರ್ತಿತ್ತು ಕಣಪ್ಪ," ಎಂದರು ತಾತ.

"ಕೆಲ್ಸ ಚೆಂದಾಗೈತೆ ತಾತ, ಜಾಗ ತಪ್ಪಷ್ಟೆ. ಬ್ಯಾರೆ ಯಾರಾದ್ರೂ ಬಡ್ದಿದ್ರೆ ಇದು ಎಂದೋ ಕಿತ್ಕೊಂಡ್ ಓಗ್ತಿತ್ತು. ನನ್ ಕೈಲಿ ಬರಕ್ಕಿಲ್ಲ, ನೀವೇ ತೆಗೀರಿ."

ಅದು ನಿಜವಾಗಿಯೂ ಅವನ ಕೈಲಿ ಬರುತ್ತಿರಲಿಲ್ಲವೋ ಏನೋ, ನಾನು ಕೇಳಿಲ್ಲ. ಮನೆಯ ಮಂದಿಯೆಲ್ಲ ನಿಂತಿದ್ದಾಗ ಈ ಮಾತು ಎತ್ತದೆ, ತಾತನೊಬ್ಬರೇ ಇದ್ದಾಗ ಎತ್ತಿದನಲ್ಲ, ಅದಕ್ಕೆ ನಾನು ಅವನಿಗೆ ಇವತ್ತಿಗೂ ಕೃತಜ್ಞಳು. ನೀರು ಕುಡಿದು ಉಬ್ಬಿ ಬಿಗಿದಿದ್ದ ಬಿರಡೆಯನ್ನು ತಾತ ಇಕ್ಕಳ ಹಿಡಿದು ತಿರುಚಿ ತಿರುಚಿ ಎಳೆದರು. ಬಂದಾಗ ಅವರ ಉಸಿರು ಗೋಡೆಯಾಚೆಗೂ ಕೇಳಿಸಿತು.

ಮುಂದಿನದು ಕೊಳಕು ಕೆಲಸ. ಗೀಸರನ್ನು ಇಳಿಸಿ ಅಂಗಳಕ್ಕೆ ತಂದು ಅಡಿಯ ತಟ್ಟೆ ಬಿಚ್ಚಿದರು. ಮಗುವನ್ನು ಅಮ್ಮನ ಕೈಗೆ ಕೊಟ್ಟು, ಅಜ್ಜಿಯ ಕಣ್ಣು ತಪ್ಪಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು ನಾನೂ ಕಿಟಕಿಯಿಂದ ನೋಡಿದೆ. ನೀರು ಕಾಯಿಸುವ ಕಾಯಿಲ್ಲು ಕಾಣುತ್ತಲೇ ಇರಲಿಲ್ಲ. ಮುರುಕು ಹೆಂಚಿನಂಥ ಚಕ್ಕೆಗಳು ಅದಕ್ಕೆ ಮೆತ್ತಿಕೊಂಡು ದಪ್ಪ ಗೆಣಸಿನ ಹಾಗೆ ಕಾಣುತ್ತಿತ್ತು. ತೊಟ್ಟಿಯ ತಳದಿಂದ ಅಂಥದೇ ಚಕ್ಕೆಗಳು ಬಕೆಟ್ಟಿಗೆ ಸುರಿದವು. ತುಕ್ಕು ತಡೆಯಲೆಂದು ಒಳಗಿಡುವ ಕಡ್ಡಿ ಸವೆದು ತಂತಿಯಷ್ಟೇ ಉಳಿದಿತ್ತು. ಹೊಸ ಕಾಯಿಲ್ಲು, ಹೊಸ ಕಡ್ಡಿ, ಹೊಸ ಥರ್ಮೋಸ್ಟಾಟು, ಹೊಸ ವಾಲ್ವು. ನೀರು ಹೆಚ್ಚು ಕಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ, ಬಿಸಿ ಏರಿಸುವ ಗುಂಡಿಯನ್ನು ಮಧ್ಯದಿಂದ ಮೇಲೆ ತಿರುಗಿಸಬೇಡಿ, ಈ ನೀರಿಗೆ ವರ್ಷಕ್ಕೆರಡು ಸಲವಾದರೂ ಬಿಚ್ಚಿ ತೊಳೆಯಿಸಿ ಎಂದ ಮೆಕ್ಯಾನಿಕ್. ಇದನ್ನು ಮಾತ್ರ ನಾನು ಡೈರಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡೆ.

ಅಜ್ಜಿಗೆ ಎಲ್ಲವನ್ನೂ ಹೇಳಿದವರು ತಾತನೇ. ನೀನು ಹೇಳಿದ್ದಕ್ಕೆ ಹಾಕಿದ್ದು ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಅಜ್ಜಿ ಕೇಳಿಸಿಕೊಂಡು ಜಗಲಿಯ ಮೇಲೆ ಕುಳಿತುಬಿಟ್ಟರು. ಆಮೇಲೆ, ಆ ಪೆಟ್ಟಿಗೆ ಈ ಮನೆಗೆ ಬೇಡ, ಅಂಗಳದಲ್ಲಿ ಒಲೆ ಹೂಡಿ ಹಂಡೆ ಇಡುತ್ತೇನೆ ಎಂದರು. ಈ ವಯಸ್ಸಿನಲ್ಲಿ ಕುದಿನೀರು ಹೊತ್ತು ತೊಟ್ಟಿಲು ದಾಟಿ ಬಚ್ಚಲಿಗೆ ಬರುವುದು ಇನ್ನೂ ಅಪಾಯವೆಂದು ಅಮ್ಮ ತಡೆದರು. ನೀರು ಹಾಕುವುದನ್ನೇ ನಿಲ್ಲಿಸೋಣ ಎಂದು ಯಾರೋ ಅಂದದ್ದಕ್ಕೆ ಅಜ್ಜಿಯ ಮುಖ ಬಾಡಿದ್ದನ್ನು ನಾನು ನೋಡಲಾರದೆ ಹೋದೆ.

ದಾರಿ ಕಂಡವರು ತಾತ. ಹನಿ ಬೀಳಲೇಬೇಕು, ಬಾಣಂತಿಯ ಮೇಲೆ ಬೀಳಬಾರದು, ಅಷ್ಟೇ ತಾನೆ ಎಂದು ಕೇಳಿದರು. ವಾಲ್ವಿನ ಬಾಯಿಗೆ ಒಂದು ಸಣ್ಣ ಪೈಪು ಸಿಕ್ಕಿಸಿ ಹೊರಗೆ ಬಿಡಬಹುದು, ಎಲ್ಲೂ ಮಡಚಿಕೊಳ್ಳದಂತೆ ಕೆಳಮುಖವಾಗಿ ಇಳಿದರೆ ಸಾಕು ಎಂದ ಮೆಕ್ಯಾನಿಕ್. ಅವನು ಡ್ರಿಲ್ ತೆಗೆಯುವಷ್ಟರಲ್ಲಿ ತಾತ ತಮ್ಮ ಕೈ ಬೈರಿಗೆ ತಂದಿದ್ದರು. ಬಚ್ಚಲ ಕಿಟಕಿಯ ಚೌಕಟ್ಟು ಅವರೇ ಎಂದೋ ಮಾಡಿ ನಿಲ್ಲಿಸಿದ್ದು. ಅದಕ್ಕೆ ತೂತು ಕೊರೆಯಲು ಬೇರೆಯವರ ಕೈ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಮಣೆಯನ್ನು ಗೀಸರಿನಿಂದ ದೂರಕ್ಕೆ, ಎದುರು ಮೂಲೆಗೆ ಹಾಕಿದರು. ಗುಂಡಿ ಮಧ್ಯದಲ್ಲೇ ಇತ್ತು. ಹೊಗೆ ಸಾಲದು ಎಂದು ಒಂದು ಸಲ ಅಂದರು, ಮುಟ್ಟಲಿಲ್ಲ. ನನ್ನ ಬೆನ್ನಿನ ಮೇಲೆ ಮೊದಲ ಚೊಂಬು ಬಿದ್ದಾಗ ಕಿಟಕಿಯ ಆಚೆಯಿಂದ ತಾತನ ಗಂಟಲು ಕೇಳಿಸಿತು. ಬಾಣಂತಿ ನೀರಿನ ಹೊತ್ತಿಗೆ ಗಂಡಸರು ಹಿತ್ತಲ ಕಡೆ ಸುಳಿಯುವುದಿಲ್ಲ. ತಾತ ಮಾತ್ರ ಕಿಟಕಿಗೆ ಬೆನ್ನು ಹಾಕಿ, ಪೈಪಿನ ಬಾಯಿಯ ಪಕ್ಕ ಕಲ್ಲಿನ ಮೇಲೆ ಕುಳಿತಿದ್ದರು.

"ಬೀಳ್ತಾ ಅದೆ ಕಣೆ," ಎಂದರು.

"ಬೀಳ್ಲಿ ಬುಡಿ. ಓಗಿ ಕಾಪಿ ಕುಡೀರಿ."

ಅಜ್ಜಿ ನನ್ನನ್ನು ಮುಗಿಸಿ, ಕಾಲು ನೀಡಿ ಕೂತು ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡರು. ಮಗಳು ಒಮ್ಮೆ ಜೋರಾಗಿ ಅತ್ತು, ಬೆಚ್ಚಗಾದ ಮೇಲೆ ಸುಮ್ಮನಾದಳು.

"ಇನ್ನೂ ಬೀಳ್ತಾ ಅದೆ," ಎಂದರು ತಾತ ಹೊರಗಿನಿಂದ.

ಅಜ್ಜಿ ಈ ಸಲ ಗದರಲಿಲ್ಲ. ಮಗುವಿನ ಹಣೆಯ ಮೇಲಿನ ನೀರನ್ನು ಅಂಗೈಯಲ್ಲಿ ಒರೆಸಿ, "ಊಂ, ಅಲ್ಲೇ ಇರಿ," ಎಂದರು.