ಷಡಕ್ಷರಪ್ಪನವರ ಸಾ ಮಿಲ್ಲಿಗೆ ಬಂದ ಲೆಕ್ಕದ ಯಂತ್ರ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಷಡಕ್ಷರಪ್ಪನವರ ಸಾ ಮಿಲ್. ಅಲ್ಲಿ ಮಾರಪ್ಪ ಹದಿನೆಂಟು ವರ್ಷದಿಂದ ದಿಮ್ಮಿ ಅಳೆಯುತ್ತಿದ್ದ. ಉದ್ದಕ್ಕೊಮ್ಮೆ, ಸುತ್ತಳತೆಗೊಮ್ಮೆ ಟೇಪು ಹಿಡಿದು, ಕಣ್ಣು ಅರೆಮುಚ್ಚಿ, ಬಾಯಲ್ಲಿದ್ದ ಎಲೆಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ತಳ್ಳುವಷ್ಟರಲ್ಲಿ ಇಷ್ಟು ಘನ ಅಡಿ ಎಂದುಬಿಡುತ್ತಿದ್ದ. ತಪ್ಪಿದ್ದಿಲ್ಲ. ಆದರೂ ಗಿರಾಕಿಗಳು ತಕರಾರು ತೆಗೆಯದೆ ಬಿಡುತ್ತಿರಲಿಲ್ಲ.

ಅರವತ್ತೆರಡನೇ ಇಸವಿಯಲ್ಲಿ ಬೆಂಗಳೂರಿನ ಏಜೆಂಟ್ ಶ್ರೀನಿವಾಸಮೂರ್ತಿ ಬಂದು, ಹಿಡಿ ತಿರುಗಿಸುವ ಲೆಕ್ಕದ ಯಂತ್ರವೊಂದನ್ನು ಮೇಜಿನ ಮೇಲಿಟ್ಟರು. ಅದು ಏನು ಗುಣಿಸಿತೋ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಟಿಣ್ ಎಂದು ಗಂಟೆ ಹೊಡೆದದ್ದು ಮಾತ್ರ ಷಡಕ್ಷರಪ್ಪನವರಿಗೆ ಬಹಳ ಹಿಡಿಸಿತು. ನಿಂತ ನಿಲುವಿನಲ್ಲೇ ಕೊಂಡರು.

ಇನ್ನು ತನಗೆ ಕೆಲಸವಿಲ್ಲವೆಂದುಕೊಂಡ ಮಾರಪ್ಪ, ಟೇಪು ಸುತ್ತಿ ಯಜಮಾನರ ಮುಂದಿಟ್ಟ.

"ಎಲ್ಲಿಗೆ ಹೊರಟೆ ಮಾರಾಯ? ಇದನ್ನ ತಿರುಗ್ಸೋರು ಯಾರು?"

"ನಂಗೆ ಬರಲ್ಲ ಯಜಮಾನ್ರೇ."

"ನಂಗೂ ಬರಲ್ಲ. ನೀನು ಮನಸ್ಸಲ್ಲೇ ಲೆಕ್ಕ ಹಾಕು. ಗಂಟೆ ಹೊಡೆಯೋ ತನಕ ತಿರುಗ್ಸು. ಆಮೇಲೆ ಹೇಳು."

ಹಿಡಿಯನ್ನು ಹಿಂದಕ್ಕೆ ತಿರುಗಿಸಿದರೆ ಗಂಟೆ ಹೊಡೆಯುತ್ತದೆಂದು ಮಾರಪ್ಪ ಎರಡೇ ದಿನದಲ್ಲಿ ಕಂಡುಕೊಂಡ. ಗಂಟೆ ಕೇಳಿದ ಗಿರಾಕಿಗಳು ತುಟಿಪಿಟಕ್ಕೆನ್ನದೆ ಒಪ್ಪತೊಡಗಿದರು. ಕೆಲವರು ಚಪ್ಪಲಿ ಹೊರಗೆ ಬಿಟ್ಟು ಬಂದರು. ಹದಿನೆಂಟು ವರ್ಷ ತನ್ನ ಬಾಯಿಗೆ ಸಿಗದ ಮರ್ಯಾದೆ ಈ ಕಬ್ಬಿಣಕ್ಕೆ ಸಿಕ್ಕಿತಲ್ಲ ಎಂದು ಮಾರಪ್ಪನಿಗೆ ಹೊಟ್ಟೆ ಉರಿಯಿತು.

ಶಿವಮೊಗ್ಗದ ವಿದ್ಯಾನಗರದಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಷಣ್ಮುಖಪ್ಪನವರೂ ಇದನ್ನು ನೋಡಿಹೋಗಿ ಅಂಥದೇ ಯಂತ್ರ ತರಿಸಿದರು. ವಾರದೊಳಗೆ ಏಜೆಂಟರಿಗೆ ದೂರು ಹೋಯಿತು: ಗಂಟೆ ಹೊಡೆಯುತ್ತದೆ, ಘನ ಅಡಿ ಹೇಳುವುದಿಲ್ಲ.

ಶ್ರೀನಿವಾಸಮೂರ್ತಿ ಆ ಯಂತ್ರದ ಸ್ಕ್ರೂ ಬಿಚ್ಚಿದರು, ಹಾಕಿದರು. ಭದ್ರಾವತಿಯದನ್ನು ನೋಡೋಣವೆಂದು ಬಂದು, ಮಾರಪ್ಪ ಅಳೆದು, ಕಣ್ಣು ಮುಚ್ಚಿ, ಗಂಟೆ ಹೊಡೆಸಿ, ಉತ್ತರ ಹೇಳುವುದನ್ನು ಸುಮ್ಮನೆ ಕೂತು ನೋಡಿದರು.

"ನಿಮ್ಮದರಲ್ಲಿ ಒಂದು ಭಾಗ ಜಾಸ್ತಿ ಇದೆ," ಎಂದರು ಷಡಕ್ಷರಪ್ಪನವರಿಗೆ.

ಯಜಮಾನರಿಬ್ಬರೂ ಮಾತಾಡಿಕೊಂಡು, ಮಂಗಳವಾರ, ಶುಕ್ರವಾರ ಮಾರಪ್ಪನನ್ನು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸುವುದೆಂದಾಯಿತು.

"ಅಲ್ಲೇನು ಕೆಲಸ?" ಹೆಂಡತಿ ಚಿನ್ನಮ್ಮ ಕೇಳಿದಳು.

"ಸ್ಪೇರ್ ಪಾರ್ಟು."

ಮರುವರ್ಷ ಏಜೆಂಟರು ಹೊಸ ದರಪಟ್ಟಿ ಅಚ್ಚು ಹಾಕಿಸಿದರು. ಯಂತ್ರದ ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ 'ಮಾರಪ್ಪ ಪ್ರತ್ಯೇಕ' ಎಂದಿತ್ತು. ಮಾರಪ್ಪ ಅದನ್ನು ಎರಡು ಸಲ ಓದಿದ. ತನ್ನ ಹೆಸರು ಅಚ್ಚಾದದ್ದು ಅದೇ ಮೊದಲು. ಚಿನ್ನಮ್ಮ ಆ ಹಾಳೆಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದಳು.