ಗೆರೆಯ ಹೊರಗೆ ನಿಂತ ಟ್ರೆಲೋರ್

ಆಂಬ್ರೋಸ್ ಟ್ರೆಲೋರ್ ತನ್ನ ನೌಕರಿಯ ಬಹುಪಾಲನ್ನು ನೀಮಚ್‌ನ ಬ್ರಿಟಿಷ್ ದಂಡುಪ್ರದೇಶದಲ್ಲೇ ಕಳೆದು, ಮೇಜರ್ ಹುದ್ದೆ ದಾಟದೆ ನಿವೃತ್ತನಾದ. ಮಹಾಪುರುಷನೇನಲ್ಲ. ಕವಾಯತಿನಲ್ಲಿ ತಪ್ಪಿದವರನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದ. ಗಡಿಯಲ್ಲಿ ಹಳ್ಳಿಗಳನ್ನು ಸುಟ್ಟ ಪಡೆಯಲ್ಲಿ ಅವನೂ ಇದ್ದ. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೂ ನಮ್ಮ ಮನೆಯಲ್ಲಿ ಅವನ ಮಾತು ಬಂದರೆ ಹಿರಿಯರು ನೆಟ್ಟಗೆ ಕೂರುತ್ತಿದ್ದರು. ಅವನ ಕಂಪನಿಯ, ಎಂದರೆ ಅವನ ಕೈಕೆಳಗಿನ ಸಿಪಾಯಿ ತುಕಡಿಯ, ಸುಬೇದಾರ ಬೇಚನ್ ಸಿಂಗ್ ನನ್ನ ತಾತ.

ಟ್ರೆಲೋರ್ ಇನ್ನೂ ಲೆಫ್ಟಿನೆಂಟ್ ಆಗಿದ್ದಾಗ ಅಡ್ಜುಟೆಂಟ್ ಜಾಗ ಖಾಲಿಯಾಯಿತು. ಅಡ್ಜುಟೆಂಟ್ ಎಂದರೆ ಕರ್ನಲ್‌ನ ಬಲಗೈ. ಅಲ್ಲಿ ಕೂತವನಿಗೆ ಮುಂದೊಂದು ದಿನ ಇಡೀ ಪಲ್ಟನ್ನಿನ ನಾಯಕತ್ವವೇ ಸಿಗುವ ಸಂಭವ. ಆ ಜಾಗದ ಮೇಲೆ ಟ್ರೆಲೋರ್ ಜೊತೆ ಗಾರ್ಲೆಂಡ್ ಎಂಬ ಇನ್ನೊಬ್ಬ ಅಧಿಕಾರಿಗೂ ಕಣ್ಣಿತ್ತು. ಪಲ್ಟನ್ ಪ್ರತಿ ಚಳಿಗಾಲ ಡೇರೆ ಹೊತ್ತು ಹೊರಡುವ ಪಯಣದ ಕೊನೆಗೆ ಜನರಲ್‌ನ ತಪಾಸಣೆ. ಅಲ್ಲಿ ಯಾರ ಕಂಪನಿ ಮೇಲೆನಿಸುತ್ತದೋ ಜಾಗ ಅವರದೆಂದು ಕರ್ನಲ್ ಬಾಯಿಬಿಟ್ಟೇ ಹೇಳಿದ್ದ.

ನಮ್ಮ ರಜಪೂತ ಸಿಪಾಯಿಗಳು ತಂತಮ್ಮ ಅಡುಗೆ ತಾವೇ ಮಾಡಿಕೊಳ್ಳುವವರು. ನೆಲ ಸಾರಿಸಿ, ಸುತ್ತ ಗೆರೆ ಎಳೆದು ಕೂತರೆ, ಉಂಡು ಏಳುವವರೆಗೆ ಅದರೊಳಗೆ ಪರರ ಕಾಲು ಬೀಳಬಾರದು. ಬಿದ್ದರೆ ಅಡುಗೆ ಮೈಲಿಗೆ. ಟ್ರೆಲೋರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ತಪಾಸಣೆಯ ಬೆಳಿಗ್ಗೆ ಡೇರೆ ಹೊತ್ತ ಹೇಸರಗತ್ತೆಯೊಂದು ಹಗ್ಗ ಕಿತ್ತುಕೊಂಡು ಓಡಿತು. ಅದರ ಹಿಂದೆ ಅವನು ಬೂಟುಗಾಲಲ್ಲಿ ಅಡುಗೆಯ ಸಾಲುಗಳ ಮೇಲೆಯೇ ಓಡಿಬಿಟ್ಟ. ಹೇಸರಗತ್ತೆ ಸಿಕ್ಕಿತು. ತಿರುಗಿ ನೋಡಿದರೆ ಸಿಪಾಯಿಗಳು ರೊಟ್ಟಿ, ಬೇಳೆಯನ್ನು ನಾಯಿಗಳಿಗೆ ಸುರಿಯುತ್ತಿದ್ದರು.

ತಾತ ಹತ್ತಿರ ಬಂದ. "ಹೊರಡೋಣ ಸಾಹೇಬ್ರೇ. ಒಂದು ಹೊತ್ತು ಉಣ್ಣದಿದ್ರೆ ಯಾರೂ ಸಾಯಲ್ಲ. ಆ ಗಾರ್ಲೆಂಡ್ ಸಾಹೇಬ್ರು ಅಡ್ಜುಟೆಂಟ್ ಆದ್ರೆ ಮಾತ್ರ ನಾವು ದಿನಾ ಸಾಯ್ಬೇಕು."

"ಮತ್ತೆ ಊಟ ಯಾವಾಗ?"

"ಸಂಜೆಗೆ ನೋಡ್ಕೊಳ್ತೀವಿ ಬಿಡಿ."

"ಒಲೆ ಹಚ್ಚಿಸಿ, ಸುಬೇದಾರ್ ಸಾಹೇಬ್."

ಹೊಸದಾಗಿ ನೆಲ ಸಾರಿಸಿದರು, ಹಿಟ್ಟು ನಾದಿದರು. ಕೊನೆಯವನು ಕೈತೊಳೆಯುವವರೆಗೆ ಟ್ರೆಲೋರ್ ಗೆರೆಗಳ ಹೊರಗೆ ನಿಂತೇ ಇದ್ದ. ತಾನು ಏನೂ ತಿನ್ನಲಿಲ್ಲ. ಕಂಪನಿ ತಪಾಸಣೆಯ ಮೈದಾನ ತಲುಪುವಾಗ ಜನರಲ್‌ನ ಗಾಡಿ ಎಬ್ಬಿಸಿದ ಧೂಳು ಮಾತ್ರ ಉಳಿದಿತ್ತು.

ತಡವಾದ ತಪ್ಪನ್ನು ಸಿಪಾಯಿಗಳ ಮೂಢನಂಬಿಕೆಯ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಜೊತೆಗಾರರು ಹಾಗೆಂದು ಕಿವಿಯಲ್ಲೂ ಹೇಳಿದ್ದರು.

"ಹೇಸರಗತ್ತೆ ಓಡಿತಂತೆ?" ಎಂದ ಕರ್ನಲ್.

"ಓಡಿದ್ದು ಹೇಸರಗತ್ತೆ ಸರ್. ತುಳಿದಿದ್ದು ನಾನು."

"ಉಪವಾಸ ನಡೆಸ್ಕೊಂಡು ಬರಬೇಕಿತ್ತು."

"ಕರೆದಿದ್ರೆ ಬರ್ತಿದ್ರು ಸರ್. ಅದಕ್ಕೇ ಕರೆಯೋಕಾಗಲಿಲ್ಲ."

ಜಾಗ ಗಾರ್ಲೆಂಡ್‌ಗೆ ಹೋಯಿತು, ಮುಂದೆ ಪಲ್ಟನ್ನೂ. ಟ್ರೆಲೋರ್ ಕಂಪನಿಯಲ್ಲೇ ಉಳಿದ.

ಆ ಗೆರೆಗಳ ಬಗ್ಗೆ ನನಗೆ ಗೌರವವಿಲ್ಲ. ನನ್ನ ಅಡುಗೆಮನೆಯಲ್ಲಿ ಅವುಗಳನ್ನು ಎಂದೋ ಅಳಿಸಿದ್ದೇನೆ. ಟ್ರೆಲೋರ್‌ಗೂ ಅವುಗಳಲ್ಲಿ ನಂಬಿಕೆ ಇದ್ದಿರಲಾರದು. ತನ್ನ ತಪ್ಪಿಗೆ ಬೇರೆಯವರ ಹೊಟ್ಟೆಯಿಂದ ದಂಡ ಕಟ್ಟಿಸಬಾರದೆಂದು ಮಾತ್ರ ಅವನಿಗೆ ಗೊತ್ತಿತ್ತು. ಅಷ್ಟು ತಿಳಿದ ಅಧಿಕಾರಿಗಳನ್ನು, ಬಿಳಿಯರಲ್ಲಾಗಲಿ ನಮ್ಮವರಲ್ಲಾಗಲಿ, ನಾನು ಹೆಚ್ಚು ಕಂಡಿಲ್ಲ.

ನಿವೃತ್ತನಾಗಿ ಹೊರಡುವ ದಿನ ಅವನು ತಾತನನ್ನು ನೋಡಲು ಅಡುಗೆಯ ಸಾಲಿಗೆ ಬಂದ. ಅಭ್ಯಾಸಬಲದಿಂದ ಗೆರೆಯ ಹೊರಗೇ ನಿಂತ. ತಾತ ಅಂಗೈಯಿಂದ ಗೆರೆಯನ್ನು ಒಂದು ಕಡೆ ಒರೆಸಿದ.

"ಬನ್ನಿ ಸಾಹೇಬ್ರೇ. ನನ್ನ ಊಟ ಆಯ್ತು, ಕೆಡೋಕೆ ಏನೂ ಉಳಿದಿಲ್ಲ."

ಟ್ರೆಲೋರ್ ಪಕ್ಕದ ಒಲೆಯತ್ತ ಕಣ್ಣು ಹಾಯಿಸಿದ. ಅಲ್ಲಿ ಒಬ್ಬ ಇನ್ನೂ ಉಣ್ಣುತ್ತಿದ್ದ, ಅವನ ಗೆರೆ ಬೂಟಿನ ತುದಿಗೆ ತಾಗುವಷ್ಟು ಹತ್ತಿರವಿತ್ತು. ಟ್ರೆಲೋರ್ ಒಳಗೆ ಹೆಜ್ಜೆ ಇಡಲಿಲ್ಲ. ತಾತನೇ ಎದ್ದು ಹೊರಗೆ ಬಂದ.