ಕಿಸೆಯಲ್ಲಿದ್ದ ತುಳಸಿಮಾಲೆ

ಗೆಳೆಯರೇ, ಇವತ್ತು ಮಧ್ಯಾಹ್ನ ಸಿಂದಗಿಯ ನನ್ನ ಬೀಜದಂಗಡಿಗೆ ಯಂಕಂಚಿಯ ಮಲ್ಲಪ್ಪ ಬಂದ. ಕುಡಿತ ಬಿಡಲೆಂದು ಅವನನ್ನು ಪಂಢರಪುರಕ್ಕೆ ಕರೆದೊಯ್ದು ತುಳಸಿಮಾಲೆ ಹಾಕಿಸಿದವನು ನಾನೇ. ನಾನೂ ಹಾಗೆ ಮಾಲೆ ಹಾಕಿಕೊಂಡೇ ಕುಡಿತ ಬಿಟ್ಟವನು. ಬಂದವನೇ ಮಾಲೆ ತೆಗೆದು ನನ್ನ ಮುಂದಿಟ್ಟ.

“ಕಾಕಾ, ಒಂದ್ ತಾಸು ಇಟ್ಕೋರಿ. ಕೊಳ್ಳಾಗ ಹಾಕ್ಕೊಂಡು ಕುಡದ್ರ ವಿಠ್ಠಲಗ ಅಪಮಾನ ಆಗ್ತೈತಿ.”

“ಇಲ್ಲಿ ಬಿಟ್ಟು ಹ್ವಾದ್ರ ವಿಠ್ಠಲಗ ಕಾಣಂಗಿಲ್ಲೇನು? ಕುಂದರು, ಚಾ ತರಸ್ತೇನಿ.”

ಇವತ್ತೊಂದು ದಿನ ದಾಟಿಸು, ನಾಳೆಯದನ್ನು ನಾಳೆ ನೋಡೋಣ ಎಂದು ಎರಡು ಚಹಾ ಮುಗಿಯುವವರೆಗೆ ಮಾತಿಗೆ ಹಿಡಿದೆ. ಮಲ್ಲಪ್ಪ ಮಾಲೆ ಹಾಕಿಕೊಂಡ. ಆಮೇಲೆ ನನ್ನ ಕೊರಳನ್ನೇ ನೋಡಿದ.

“ನಿಮ್ದೆಲ್ಲಿ ಐತ್ರಿ ಕಾಕಾ?”

ನನ್ನದು ಅಂಗಿಯ ಕಿಸೆಯಲ್ಲಿತ್ತು. ಬೆಳಿಗ್ಗೆ ತಮ್ಮನ ಜೊತೆ ಜಗಳವಾಡಿದ್ದೆ. ಇವನು ಬಂದಾಗ ನಾನೇ ಶಟರ್ ಎಳೆದು ವೈನ್ ಶಾಪಿಗೆ ಹೊರಡುವುದರಲ್ಲಿದ್ದೆ. ಮಾಲೆ ತೆಗೆದು ತೋರಿಸಿದೆ.

“ಹಾಕ್ಕೋರಿ,” ಅಂದ. “ಇನ್ನೊಂದ್ ಚಾ ಹೇಳ್ಲ್ಯಾ?”

ಹಾಕಿಕೊಂಡೆ. ಸಂಜೆ ಅವನ ಹೆಂಡತಿ ಫೋನ್ ಮಾಡಿ, “ನೀವಿದ್ರಿ ಅಂತ ನಮ್ಮ ಮನಿಯವ್ರು ಉಳದ್ರು ನೋಡ್ರಿ” ಎಂದರು. ಮಲ್ಲಪ್ಪ ಮನೆಯಲ್ಲಿ ಪೂರ್ತಿ ಹೇಳಿಲ್ಲ ಎಂದು ತಿಳಿಯಿತು.

ನಾಳೆಯೂ ಚಹಾಕ್ಕೆ ಬಾ ಎಂದು ಅವನಿಗೆ ಹೇಳಿದ್ದೇನೆ. ಪಾಪ, ಅವನಿಗೆ ನನ್ನ ಆಸರೆ ಬೇಕಲ್ಲ.